ಲೆನ್ಸ್ ಹಾಕಿಸಿದ ಕಣ್ಣು ಮತ್ತೆ ಮಬ್ಬಾದರೆ



ಕಣ್ಣಿನ ಪೊರೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ನಿಮ್ಮಲ್ಲಿ ಅನೇಕರು ಅತ್ತೆಯವರನ್ನೋ ಅಪ್ಪನನ್ನೋ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರು. ಒಂದು ದಿನ ಕಣ್ಣಿಗೆ ಪಟ್ಟಿ, ಆಮೇಲೆ ಕಪ್ಪು ಕನ್ನಡಕ, ಕೆಲವು ವಾರ ಡ್ರಾಪ್ಸ್. ಅಲ್ಲಿಗೆ ಮುಗಿಯಿತು. ಹೆಚ್ಚಿನವರಿಗೆ ನಿಜವಾಗಿಯೂ ಅಲ್ಲಿಗೆ ಮುಗಿಯುತ್ತದೆ.

ಆದರೆ ಈ ತಿಂಗಳ ಪಾಠ ಎಲ್ಲರ ಪೊರೆಯ ಬಗ್ಗೆ ಅಲ್ಲ. ಇರುಳುಗುರುಡು ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದಿರುವ ಮನೆಗಳಲ್ಲಿ ಪೊರೆ ಬಂದರೆ ಏನು, ಲೆನ್ಸ್ ಹಾಕಿಸಿದ ಮೇಲೆ ಏನೇನು ಆಗಬಹುದು ಎಂಬುದರ ಬಗ್ಗೆ. ಅಂಥ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ: "ಪೊರೆ ತೆಗೆಸಿದ್ದೂ ಆಯ್ತು, ಲೆನ್ಸ್ ಹಾಕಿಸಿದ್ದೂ ಆಯ್ತು ಸಿಸ್ಟರ್. ಈಗ ಮತ್ತೆ ಮಬ್ಬು. ನಮ್ಮ ವಂಶದ ಕಾಯಿಲೆ, ಇನ್ನೇನು ಮಾಡೋದು?" ಈ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ಅಪಾಯವಿದೆ. ವಂಶದ ಕಾಯಿಲೆಗೆ ಹೆಚ್ಚಿನವರ ಪಾಲಿಗೆ ಇನ್ನೂ ಔಷಧಿ ಇಲ್ಲ, ಅದು ನಿಜ. ಆದರೆ ಲೆನ್ಸ್ ಹಾಕಿಸಿದ ಮೇಲೆ ಬಂದ ಮಬ್ಬು ಅನೇಕ ಸಲ ವಂಶದ ಕಾಯಿಲೆಯದ್ದಲ್ಲ. ಅದಕ್ಕೆ ಚಿಕಿತ್ಸೆ ಇದೆ. ಚಿಕಿತ್ಸೆ ಇರುವ ಮಬ್ಬನ್ನು ಹಣೆಬರಹ ಅಂತ ಬಿಟ್ಟುಬಿಟ್ಟರೆ ಉಳಿದಿರುವ ಸ್ವಲ್ಪ ದೃಷ್ಟಿಯೂ ಸುಮ್ಮನೆ ಹೋಗಿಬಿಡುತ್ತದೆ.

ಇರುಳುಗುರುಡು ಎಲ್ಲಾ ಒಂದೇ ಅಲ್ಲ

ಎ ಜೀವಸತ್ವ ಕಡಿಮೆಯಾದ ಮಕ್ಕಳಿಗೆ, ಕೆಲವು ಗರ್ಭಿಣಿಯರಿಗೆ ಕತ್ತಲಾದ ಮೇಲೆ ಕಣ್ಣು ಕಾಣುವುದಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವುದು, ಸೊಪ್ಪು, ಪಪ್ಪಾಯಿ ತಿನ್ನಿ ಎಂದು ಹೇಳುವುದು ಇದಕ್ಕಾಗಿಯೇ. ಇದು ವಾಸಿಯಾಗುವ ಇರುಳುಗುರುಡು.

ಇನ್ನೊಂದು ಹುಟ್ಟಿನಿಂದ ಬರುವಂಥದ್ದು. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪರದೆ ಇದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಅಕ್ಷಿಪಟಲ ಎನ್ನುತ್ತಾರೆ. ಟೆಂಟ್ ಸಿನಿಮಾದ ಬಿಳಿ ಪರದೆಯ ಹಾಗೆ, ನಾವು ನೋಡಿದ ಚಿತ್ರ ಬೀಳುವುದು ಅದರ ಮೇಲೆ. ಈ ಪರದೆಯ ಜೀವಕಣಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆಗೆ ಡಾಕ್ಟರುಗಳು ರೆಟಿನೈಟಿಸ್ ಪಿಗ್ಮೆಂಟೋಸಾ ಎನ್ನುತ್ತಾರೆ. ಚೀಟಿಯಲ್ಲಿ ಚಿಕ್ಕದಾಗಿ ಆರ್.ಪಿ. ಎಂದು ಬರೆಯುತ್ತಾರೆ. ಜಗತ್ತಿನಲ್ಲಿ ಸುಮಾರು 4000 ಜನರಲ್ಲಿ ಒಬ್ಬರಿಗೆ ಇದಿದೆ ಎಂದು ಲೆಕ್ಕ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಇದಕ್ಕಿಂತ ಹೆಚ್ಚೇ ಕಂಡುಬಂದಿದೆ.

ಕತ್ತಲಲ್ಲಿ ನೋಡುವ ಕಣಗಳು ಮೊದಲು ಸಾಯುತ್ತವೆ. ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಬಂದು, ಕೊಳವೆಯೊಳಗಿಂದ ನೋಡಿದಂತೆ ನಡುವಿನ ದೃಷ್ಟಿ ಮಾತ್ರ ಉಳಿಯುತ್ತದೆ. ಇಂಥ ಹೆಂಗಸು ಮೊರದಲ್ಲಿರುವ ಅಕ್ಕಿಯ ಕಲ್ಲು ಆರಿಸಬಲ್ಲಳು. ಆದರೆ ಪಕ್ಕದಲ್ಲಿ ಕಟ್ಟಿರುವ ಎಮ್ಮೆಗೆ ಡಿಕ್ಕಿ ಹೊಡೆಯುತ್ತಾಳೆ. ಪಕ್ಕದಿಂದ ಚಾಚಿದ ಕಾಫಿ ಲೋಟ ಕಾಣುವುದಿಲ್ಲ. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆ ತಿರುಗಿ ಮಾಡುವುದಿಲ್ಲ. "ಕಲ್ಲು ಕಾಣ್ತದೆ, ಎಮ್ಮೆ ಕಾಣಲ್ವಾ? ಎಲ್ಲಾ ನಾಟಕ, ಸೊಕ್ಕು" ಎಂಬ ಮಾತು ಅವಳಿಗೆ ತಪ್ಪಿದ್ದಲ್ಲ. ನಾಟಕ ಅಲ್ಲ, ಕಾಯಿಲೆಯೇ ಹಾಗೆ. ಕೆಲವು ಮನೆಗಳಲ್ಲಿ ಇದರ ಜೊತೆಗೆ ಕಿವಿಯೂ ಮಂದವಾಗಿರುತ್ತದೆ.

ಎ ಜೀವಸತ್ವದ ಮಾತ್ರೆಯಿಂದ ಈ ಇರುಳುಗುರುಡು ವಾಸಿಯಾಗುವುದಿಲ್ಲ. ಯಾರೋ ಹೇಳಿದರೆಂದು ಹೆಚ್ಚು ಶಕ್ತಿಯ ಎ ಜೀವಸತ್ವದ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಗರ್ಭಿಣಿಯರಿಗಂತೂ ಹೊಟ್ಟೆಯಲ್ಲಿರುವ ಮಗುವಿಗೇ ತೊಂದರೆ.

ಪೊರೆ ಚಿಕ್ಕ ವಯಸ್ಸಿಗೇ ಬರುತ್ತದೆ

ಆರ್.ಪಿ. ಇರುವವರಿಗೆ ಪೊರೆ ಬೇರೆಯವರಿಗಿಂತ ಬೇಗ ಬರುತ್ತದೆ. ನಲವತ್ತರ ಆಸುಪಾಸಿನಲ್ಲಿ, ಕೆಲವರಿಗೆ ಅದಕ್ಕೂ ಮುಂಚೆ. ಅಜ್ಜಿಯ ಕಣ್ಣಿನ ಪೊರೆಯಂತೆ ಪಾಪೆ ಬೆಳ್ಳಗೆ ಕಾಣುವುದಿಲ್ಲ, ಆದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಈ ಪೊರೆ ಹೆಚ್ಚಾಗಿ ಲೆನ್ಸಿನ ಹಿಂಬದಿಯಲ್ಲಿ, ಸರಿಯಾಗಿ ನಡುವಿನಲ್ಲಿ ಕೂತಿರುತ್ತದೆ. ಬೇರೆಯವರಿಗೆ ಇಷ್ಟು ಚಿಕ್ಕ ಕಲೆಯಿಂದ ಅಷ್ಟು ತೊಂದರೆಯಿಲ್ಲ. ಆದರೆ ಇವರಿಗೆ ಉಳಿದಿರುವುದೇ ನಡುವಿನ ಕಿಂಡಿ. ಕಿಂಡಿಗೇ ಕಲೆ ಬಿದ್ದರೆ? ಬಿಸಿಲಿಗೆ ಹೋದರೆ ಬೆಳಕು ಚೆದರಿ ಕಣ್ಣು ಕುಕ್ಕುತ್ತದೆ, ಕತ್ತಲಿಗೆ ಬಂದರೆ ಹಳೆಯ ಇರುಳುಗುರುಡು. ಹಗಲೂ ಇಲ್ಲ, ಇರುಳೂ ಇಲ್ಲ ಎಂಬ ಸ್ಥಿತಿ.

ಹಾಗಾದರೆ ಆಪರೇಷನ್ ಮಾಡಿಸಬೇಕೇ? "ನರವೇ ಹೋಗಿದೆ, ಪೊರೆ ತೆಗೆದು ಏನು ಪ್ರಯೋಜನ" ಎಂದು ಎಷ್ಟೋ ಜನ ಹೇಳುತ್ತಾರೆ. ಎಲ್ಲರಿಗೂ ಅದು ನಿಜವಲ್ಲ. ರೆಟಿನಾದ ನಡುಭಾಗ ಜೀವಂತವಾಗಿದ್ದರೆ ಪೊರೆ ತೆಗೆದ ಮೇಲೆ ಓದುವುದು, ಮುಖ ಗುರುತಿಸುವುದು, ಬಿಸಿಲಿನಲ್ಲಿ ನಡೆಯುವುದು ಸುಧಾರಿಸುತ್ತದೆ. ನಡುಭಾಗ ಹೇಗಿದೆ ಎಂದು ತಿಳಿಯಲು ಓ.ಸಿ.ಟಿ. ಎಂಬ ಸ್ಕ್ಯಾನ್ ಇದೆ. ನೋವಿಲ್ಲ, ಸೂಜಿಯಿಲ್ಲ, ಯಂತ್ರದ ಮುಂದೆ ಗಲ್ಲ ಇಟ್ಟು ಕೂತರೆ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಆರ್.ಪಿ. ಇರುವವರು ಆಪರೇಷನ್‌ಗೆ ಮೊದಲು ಇದನ್ನು ಮಾಡಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ. ನಡುಭಾಗವೂ ಹೋಗಿದ್ದರೆ ಡಾಕ್ಟರು ಅದನ್ನು ಮೊದಲೇ ಹೇಳುತ್ತಾರೆ, ಸುಮ್ಮನೆ ಆಸೆ ಇಟ್ಟುಕೊಳ್ಳುವುದು ತಪ್ಪುತ್ತದೆ. ಇನ್ನೊಂದು ಮಾತು: ಆಪರೇಷನ್ನಿಂದ ರಾತ್ರಿಯ ದೃಷ್ಟಿ ಬರುವುದಿಲ್ಲ, ಅಕ್ಕಪಕ್ಕದ ನೋಟವೂ ಬರುವುದಿಲ್ಲ. ಇದನ್ನು ಮನೆಯವರಿಗೂ ಮೊದಲೇ ಹೇಳಿ. ಇಲ್ಲದಿದ್ದರೆ "ಅಷ್ಟು ಖರ್ಚು ಮಾಡಿದರೂ ಎಡವುತ್ತಾಳೆ" ಎಂಬ ಮಾತು ಬರುತ್ತದೆ.

ಲೆನ್ಸ್ ಕೂರುವುದು ಎಲ್ಲಿ?

ಹಿಂದಿನ ಕಾಲದಲ್ಲಿ ಪೊರೆಯ ಜೊತೆಗೆ ಇಡೀ ಲೆನ್ಸನ್ನೇ ತೆಗೆದು, ದಪ್ಪನೆಯ ಸೋಡಾಗ್ಲಾಸ್ ಕನ್ನಡಕ ಕೊಡುತ್ತಿದ್ದರು. ನಮ್ಮ ರಾಜ್ಯದಲ್ಲಿ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ನಡೆಸುತ್ತಿದ್ದ ದೊಡ್ಡ ಶಿಬಿರಗಳನ್ನು ನಿಮ್ಮಲ್ಲಿ ಹಿರಿಯರು ನೆನಪಿಟ್ಟುಕೊಂಡಿರಬಹುದು. ಕಣ್ಣಿನೊಳಗೇ ಲೆನ್ಸ್ ಇಡಬಹುದು ಎಂದು ಮೊದಲು ತೋರಿಸಿದವರು ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಒಡೆದು ಪೈಲಟ್‌ಗಳ ಕಣ್ಣೊಳಗೆ ಚೂರು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ನೋಡಿ ಅವರಿಗೆ ಈ ಯೋಚನೆ ಬಂತು. ನಮ್ಮ ದೇಶದಲ್ಲಿ ಬಡವರಿಗೂ ಲೆನ್ಸ್ ಸಿಗುವಂತಾದದ್ದು 1992ರಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಎಂಬ ತಮ್ಮದೇ ಕಾರ್ಖಾನೆಯಲ್ಲಿ ಕಡಿಮೆ ಬೆಲೆಗೆ ತಯಾರಿಸಲು ಶುರುಮಾಡಿದ ಮೇಲೆ.

ಹುಟ್ಟಿನಿಂದ ಇರುವ ಲೆನ್ಸ್ ಒಂದು ತೆಳುವಾದ ಚೀಲದೊಳಗಿದೆ. ಆ ಚೀಲವನ್ನು ಸುತ್ತಲೂ ನೂರಾರು ಸಣ್ಣ ಎಳೆಗಳು ಎಳೆದು ಹಿಡಿದಿವೆ, ತಮಟೆಯ ಚರ್ಮವನ್ನು ಸುತ್ತಲೂ ಬಿಗಿದ ಹಾಗೆ. ಆಪರೇಷನ್ ಮಾಡುವಾಗ ಡಾಕ್ಟರು ಚೀಲದ ಮುಂಭಾಗದಲ್ಲಿ ದುಂಡಗೆ ಬಾಯಿ ತೆರೆದು, ಒಳಗಿನ ಪೊರೆ ತೆಗೆದು, ಆ ಚೀಲದೊಳಗೇ ಹೊಸ ಲೆನ್ಸ್ ಇಡುತ್ತಾರೆ. ಹಳೆಯ ಚೀಲ, ಹಳೆಯ ಎಳೆಗಳು ಹಾಗೇ ಉಳಿಯುತ್ತವೆ. ಹೊಸ ಲೆನ್ಸಿನ ಆಧಾರವೆಲ್ಲಾ ಅವುಗಳೇ. ಆರ್.ಪಿ. ಇರುವ ಕಣ್ಣಿನಲ್ಲಿ ಈ ಎಳೆಗಳು ಸಡಿಲವಾಗಿರುವ ಸಾಧ್ಯತೆ ಹೆಚ್ಚು, ಚೀಲ ಬೇಗ ಮಬ್ಬಾಗುತ್ತದೆ, ಕುಗ್ಗುತ್ತದೆ. ಲೆನ್ಸಿನದ್ದು ಎಂದು ನಾವು ಹೇಳುವ ತೊಂದರೆಗಳೆಲ್ಲಾ ಬಹುಮಟ್ಟಿಗೆ ಈ ಚೀಲದ್ದು, ಎಳೆಗಳದ್ದು.

ಎಲ್ಲಕ್ಕಿಂತ ಹೆಚ್ಚು ಜನರಿಗೆ ಆಗುವುದು ಚೀಲದ ಹಿಂಭಾಗ ಮಬ್ಬಾಗುವುದು. ಎಷ್ಟೇ ಚೆನ್ನಾಗಿ ತೆಗೆದರೂ ಪೊರೆಯ ಕೆಲವು ಕಣಗಳು ಚೀಲದ ಅಂಚಿನಲ್ಲಿ ಉಳಿದಿರುತ್ತವೆ. ಅವು ಬೆಳೆದು ಹಿಂಭಾಗದ ಮೇಲೆ ಹರಡಿಕೊಳ್ಳುತ್ತವೆ. ಲಾಟೀನಿನ ಬುರುಡೆಗೆ ಮಸಿ ಹಿಡಿದ ಹಾಗೆ: ಬತ್ತಿ ಸರಿಯಾಗಿಯೇ ಉರಿಯುತ್ತಿದೆ, ಗ್ಲಾಸು ಮಾತ್ರ ಮಸುಕು. ಜನ ಇದಕ್ಕೆ "ಪೊರೆ ಮತ್ತೆ ಬಂತು" ಎನ್ನುತ್ತಾರೆ. ಒಮ್ಮೆ ತೆಗೆದ ಪೊರೆ ಮತ್ತೆ ಬರುವುದಿಲ್ಲ, ಇದು ಬೇರೆ. ಯಾರಿಗೆ ಬೇಕಾದರೂ ಆಗಬಹುದು, ಆದರೆ ಆರ್.ಪಿ. ಇರುವವರಿಗೆ ಹೆಚ್ಚು. ಕೆಲವು ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಗಿದೆ. ಇದಕ್ಕೆ ಯಾಗ್ ಲೇಸರ್ ಎಂಬ ಚಿಕಿತ್ಸೆ ಇದೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಕುರ್ಚಿಯಲ್ಲಿ ಕೂತಿರುವಾಗಲೇ ಬೆಳಕಿನ ಕಿರಣದಿಂದ ಮಬ್ಬಾದ ಭಾಗದಲ್ಲಿ ಸಣ್ಣ ಕಿಟಕಿ ತೆರೆಯುತ್ತಾರೆ. ಹತ್ತು ನಿಮಿಷದ ಕೆಲಸ. ಆಮೇಲೆ ಕಣ್ಣಿನ ಒತ್ತಡ ಏರಬಹುದು, ರೆಟಿನಾ ಊದಬಹುದು. ಆದ್ದರಿಂದ ಮತ್ತೆ ಬನ್ನಿ ಎಂದ ದಿನ ತಪ್ಪದೆ ಹೋಗಬೇಕು.

ನಮಗೆ ಗೊತ್ತಿರುವ ಒಂದು ಸಂಘದಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ ಇದ್ದಾರೆ. ಮನೆಯಲ್ಲಿ ಅಣ್ಣನಿಗೂ ಇವರಿಗೂ ಇರುಳುಗುರುಡು. ನಲವತ್ತನಾಲ್ಕಕ್ಕೆ ಎರಡೂ ಕಣ್ಣಿಗೆ ಲೆನ್ಸ್ ಹಾಕಿಸಿಕೊಂಡು ಮತ್ತೆ ಮೆಷಿನ್ ಮುಂದೆ ಕೂತರು, ಸಂಘದಿಂದ ಸಾಲ ತೆಗೆದು ಫಾಲ್ಸ್ ಹಚ್ಚುವ ಕೆಲಸ ಹೆಚ್ಚಿಸಿಕೊಂಡರು. ಎರಡು ವರ್ಷದ ಮೇಲೆ ಸೂಜಿಯ ಕಣ್ಣು ಕಾಣದಾಯಿತು. ಅಣ್ಣನ ಕಣ್ಣು ಪೂರ್ತಿ ಹೋಗಿದ್ದನ್ನು ನೋಡಿದ್ದರಲ್ಲ, ನನ್ನದೂ ಸರದಿ ಬಂತು ಅಂದುಕೊಂಡರು. ಡಾಕ್ಟರ ಹತ್ತಿರ ಹೋಗಲಿಲ್ಲ. ಕಂತು ನಿಂತಿತು, ಸಭೆಯಲ್ಲಿ ನಾಲ್ಕು ಮಾತು ಕೇಳಬೇಕಾಯಿತು, ಮೆಷಿನ್ ಅರ್ಧ ಬೆಲೆಗೆ ಮಾರಿಹೋಯಿತು. ಒಂದೂವರೆ ವರ್ಷದ ನಂತರ ಯಾವುದೋ ಬೇರೆ ಕಾರಣಕ್ಕೆ ಆಸ್ಪತ್ರೆಗೆ ಹೋದಾಗ ಕಣ್ಣು ತೋರಿಸಿದರು. ಎರಡೂ ಕಣ್ಣಿನ ಚೀಲ ಮಬ್ಬಾಗಿತ್ತು, ಅಷ್ಟೇ. ಲೇಸರ್ ಆದ ವಾರಕ್ಕೆ ತಮ್ಮ ಪಾಸ್‌ಬುಕ್ ತಾವೇ ಓದಿದರು. ಕಣ್ಣು ಬಂತು, ಮೆಷಿನ್ ಬರಲಿಲ್ಲ.

ಎರಡನೆಯದು, ಚೀಲದ ಮುಂಭಾಗದ ಬಾಯಿ ಕುಗ್ಗುವುದು. ಎಲೆಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಹೇಗೆ ಕಿರಿದಾಗುತ್ತದೆ? ಹಾಗೆಯೇ ತೆರೆದ ಬಾಯಿ ಸುತ್ತಲಿಂದ ಮುದುಡಿಕೊಂಡು ಬರುತ್ತದೆ. ಹೆಚ್ಚಾಗಿ ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲೇ ಶುರುವಾಗುತ್ತದೆ. ಬಾಯಿ ಕಿರಿದಾದಷ್ಟೂ ಬೆಳಕು ಒಳಗೆ ಹೋಗುವುದು ಕಡಿಮೆ. ಜೊತೆಗೆ ಚೀಲ ಮುದುಡುವಾಗ ಮೊದಲೇ ಸಡಿಲವಾಗಿರುವ ಎಳೆಗಳನ್ನು ಜಗ್ಗುತ್ತದೆ. ಬೇಗ ಕಂಡುಹಿಡಿದರೆ ಲೇಸರಿನಿಂದಲೇ ಅಂಚಿನಲ್ಲಿ ಸಣ್ಣ ಸೀಳು ಕೊಟ್ಟು ಬಿಗಿತ ಸಡಿಲಿಸುತ್ತಾರೆ. ಆದ್ದರಿಂದ ಮೊದಲ ವರ್ಷದಲ್ಲಿ "ಚೆನ್ನಾಗಿ ಕಾಣ್ತಾ ಇದೆ, ಯಾಕೆ ಬಸ್ ಚಾರ್ಜ್ ದಂಡ" ಎಂದು ತಪಾಸಣೆ ಬಿಡಬೇಡಿ. ಚೆನ್ನಾಗಿ ಕಾಣುತ್ತಿರುವಾಗಲೇ ಡಾಕ್ಟರಿಗೆ ಇದು ಕಾಣುತ್ತದೆ.

ಮೂರನೆಯದು ಅಪರೂಪ, ಆದರೆ ದೊಡ್ಡದು: ಲೆನ್ಸ್ ಜಾರುವುದು. ಎಳೆಗಳು ಸಡಿಲಾಗಿ, ಆಪರೇಷನ್ ಆಗಿ ಎಷ್ಟೋ ವರ್ಷಗಳಾದ ಮೇಲೆ ಲೆನ್ಸು ಚೀಲದ ಸಮೇತ ಒಂದು ಬದಿಗೆ ವಾಲಬಹುದು, ಕಣ್ಣಿನ ಹಿಂಭಾಗಕ್ಕೆ ಬೀಳಲೂಬಹುದು. ಒಂದು ಕಣ್ಣಿನಲ್ಲಿ ನೋಡಿದರೂ ಎರಡೆರಡಾಗಿ ಕಾಣುವುದು, ನೋಟದ ನಡುವೆ ದುಂಡನೆಯ ಅಂಚು ಕಾಣುವುದು, ಕಣ್ಣು ಹೊರಳಿಸಿದಾಗ ಚಿತ್ರ ನಡುಗುವುದು, ಇದ್ದಕ್ಕಿದ್ದಂತೆ ಮಬ್ಬಾಗುವುದು ಇದರ ಗುರುತು. ಕಣ್ಣಿಗೆ ಪೆಟ್ಟು ಬಿದ್ದರೆ, ಬಲವಾಗಿ ಉಜ್ಜುವ ಅಭ್ಯಾಸವಿದ್ದರೆ ಅಪಾಯ ಹೆಚ್ಚು. ಇದಕ್ಕೂ ದಾರಿಯಿದೆ. ಜಾರಿದ ಲೆನ್ಸನ್ನು ಮತ್ತೆ ಹೊಲಿದು ನಿಲ್ಲಿಸುತ್ತಾರೆ, ಅಥವಾ ತೆಗೆದು ಬೇರೆ ಲೆನ್ಸನ್ನು ಕಣ್ಣಿನ ಬಿಳಿಭಾಗದ ಗೋಡೆಗೆ ಕೂರಿಸುತ್ತಾರೆ. ಹೀಗೆ ಗೋಡೆಗೆ ಅಂಟಿನ ಸಹಾಯದಿಂದ ಕೂರಿಸುವ ಒಂದು ವಿಧಾನವನ್ನು 2007ರಲ್ಲಿ ಆರಂಭಿಸಿದವರು ನಮ್ಮ ನೆರೆಯ ಚೆನ್ನೈನ ಡಾ. ಅಮರ್ ಅಗರ್ವಾಲ್. ಆದರೆ ಇದು ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸವಲ್ಲ, ರೆಟಿನಾ ತಜ್ಞರಿರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ತಡ ಮಾಡಬಾರದು.

ಇನ್ನೊಂದು ತೊಂದರೆ ಲೆನ್ಸಿನದ್ದೇ ಅಲ್ಲ, ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊದುವುದು. ಆರ್.ಪಿ. ಇರುವವರಿಗೆ ಇದು ಆಪರೇಷನ್ ಇಲ್ಲದೆಯೂ ಬರುತ್ತದೆ, ಆಪರೇಷನ್ ಆದ ಮೇಲೆ ಹೊಸದಾಗಿ ಬರಬಹುದು, ಇದ್ದದ್ದು ಹೆಚ್ಚಾಗಬಹುದು. ಕಿಟಕಿಯ ಸರಳು ಡೊಂಕಾಗಿ ಕಂಡರೆ, ಎದುರಿನವರ ಮುಖ ಸೊಟ್ಟಗಾದಂತೆ ಕಂಡರೆ ಇದರ ಅನುಮಾನ ಪಡಬೇಕು. ಓ.ಸಿ.ಟಿ. ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅನೇಕರಿಗೆ ಡ್ರಾಪ್ಸ್ ಅಥವಾ ಮಾತ್ರೆಯಿಂದ ಇಳಿಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ, ಸಲ್ಫಾ ಔಷಧಿ ಆಗದಿದ್ದರೆ ಮಾತ್ರೆ ಬರೆಯುವ ಮೊದಲೇ ಡಾಕ್ಟರಿಗೆ ಹೇಳಿ.

ವಂಶದ ಕಾಯಿಲೆಯೋ, ಬೇರೆಯೋ? ಗುರುತಿಸುವುದು ಹೇಗೆ?

ಆರ್.ಪಿ. ನಿಧಾನದ ಕಾಯಿಲೆ. ವರ್ಷಗಟ್ಟಲೆ, ಹೆಚ್ಚಾಗಿ ಎರಡೂ ಕಣ್ಣಿನಲ್ಲಿ ಸಮನಾಗಿ ಸವೆಯುತ್ತದೆ. ಕೆಲವೇ ವಾರಗಳಲ್ಲಿ ದೃಷ್ಟಿ ಇಳಿದರೆ, ಒಂದು ಕಣ್ಣು ಮಾತ್ರ ಕೆಟ್ಟರೆ, ಅದು ಬೇರೆ ಏನೋ. ಆಗ "ವಂಶದ್ದು" ಎಂದು ಕೂರಬಾರದು. ಹಾಗಂತ ಎರಡೂ ಕಣ್ಣು ನಿಧಾನವಾಗಿ ಮಬ್ಬಾದರೆ ಅದು ವಂಶದ್ದೇ ಎಂದೂ ತೀರ್ಮಾನಿಸಬೇಡಿ, ಮೇಲೆ ಹೇಳಿದ ಅಕ್ಕನಿಗೆ ಆದದ್ದು ಅದೇ. ಡಾಕ್ಟರು ನೋಡಿ ಹೇಳಲಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಗೋಡೆಯ ಕ್ಯಾಲೆಂಡರನ್ನು ಬೆಳಕಿರುವ ಜಾಗದಲ್ಲಿ ತೂಗುಹಾಕಿ, ಪ್ರತಿ ತಿಂಗಳು ಒಂದೇ ದೂರದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಓದಿ. ದಪ್ಪ ಅಂಕಿ, ಆಮೇಲೆ ಕೆಳಗಿನ ಸಣ್ಣ ಅಕ್ಷರ. ಆಮೇಲೆ ಕಿಟಕಿಯ ಸರಳು ನೆಟ್ಟಗಿದೆಯೇ ನೋಡಿ. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ತೊಂದರೆಯನ್ನು ಇನ್ನೊಂದು ಮುಚ್ಚಿಡುತ್ತದೆ. ಸಂಘದ ಸಭೆಯ ದಿನವೇ ಮಾಡಿದರೆ ನೆನಪೂ ಇರುತ್ತದೆ.

ಅದೇ ದಿನ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳೂ ಇವೆ. ಆಪರೇಷನ್ ಆದ ದಿನಗಳಲ್ಲಿ ನೋವು, ಕೆಂಪು, ಕೀವು, ದೃಷ್ಟಿ ಕುಸಿಯುವುದು ಸೋಂಕಿನ ಗುರುತು. ಯಾವಾಗಲಾದರೂ ಕಪ್ಪು ಚುಕ್ಕೆಗಳು ಮಳೆಯಂತೆ ಸುರಿದರೆ, ಒಂದು ಬದಿಯಿಂದ ಪರದೆ ಎಳೆದಂತಾದರೆ ರೆಟಿನಾ ಕಿತ್ತುಬಂದಿರಬಹುದು. ಆರ್.ಪಿ. ಇರುವವರಿಗೆ ಕಣ್ಣೊಳಗೆ ಮಿಂಚು ಕಾಣುವುದು ಹಳೆಯ ಅಭ್ಯಾಸವಾಗಿರುತ್ತದೆ. ಹಳೆಯದಕ್ಕೆ ಹೆದರಬೇಡಿ, ಹೊಸದಾಗಿ ಹೆಚ್ಚಾದರೆ ಮಾತ್ರ ಬಿಡಬೇಡಿ.

ಆಪರೇಷನ್ನಿಗೆ ಮೊದಲು

ಶಿಬಿರದಲ್ಲಿ ನೂರು ಜನರ ಸಾಲಿನಲ್ಲಿ ನಿಂತಾಗ ಡಾಕ್ಟರು ಒಬ್ಬೊಬ್ಬರ ವಂಶದ ಕತೆ ಕೇಳಲು ಸಮಯ ಇರುವುದಿಲ್ಲ. ನೀವೇ ಹೇಳಬೇಕು: "ಡಾಕ್ಟ್ರೇ, ನನಗೆ ಚಿಕ್ಕಂದಿನಿಂದ ರಾತ್ರಿ ಕಣ್ಣು ಕಾಣಲ್ಲ. ನಮ್ಮ ಮನೇಲಿ ಇನ್ನೂ ಇಬ್ಬರಿಗೆ ಇದೆ." ಈ ಎರಡು ವಾಕ್ಯ ಸಾಕು. ಅವರು ಎಳೆಗಳು ಸಡಿಲವಾಗಿವೆಯೇ ಎಂದು ಮೊದಲೇ ನೋಡಿಕೊಳ್ಳುತ್ತಾರೆ, ಚೀಲದ ಬಾಯಿಯನ್ನು ತೀರಾ ಚಿಕ್ಕದಾಗಿ ತೆರೆಯುವುದಿಲ್ಲ, ಬೇಕಾದರೆ ಚೀಲ ಕುಸಿಯದಂತೆ ಒಳಗೆ ಒಂದು ಬಳೆಯಂಥ ಉಂಗುರ ಇಡುತ್ತಾರೆ. ಇಂಥವರ ಆಪರೇಷನ್ ಶಿಬಿರಕ್ಕಿಂತ ಎಲ್ಲಾ ಸೌಕರ್ಯವಿರುವ ಆಸ್ಪತ್ರೆಯಲ್ಲಿ ಆಗುವುದೇ ಒಳ್ಳೆಯದು.

ದುಡ್ಡಿನ ಮಾತನ್ನೂ ಹೇಳಬೇಕು. ದೂರದ್ದು, ಹತ್ತಿರದ್ದು ಎರಡೂ ಕನ್ನಡಕವಿಲ್ಲದೆ ಕಾಣುತ್ತದೆ ಎಂದು ಮಲ್ಟಿಫೋಕಲ್ ಎಂಬ ದುಬಾರಿ ಲೆನ್ಸ್ ತೋರಿಸುತ್ತಾರೆ. ಅಪ್ಪ ಅಮ್ಮನಿಗೆ ಒಳ್ಳೆಯದೇ ಆಗಲಿ ಎಂದು ಸಂಘದಿಂದ ಸಾಲ ತೆಗೆದು ಹಾಕಿಸುವವರಿದ್ದಾರೆ. ಆರ್.ಪಿ. ಇರುವ ಕಣ್ಣಿಗೆ ಇದು ಬೇಡ. ಆ ಲೆನ್ಸ್ ಒಳಬರುವ ಬೆಳಕನ್ನು ಹಂಚಿಬಿಡುತ್ತದೆ, ಬಣ್ಣ ಬಣ್ಣದ ವ್ಯತ್ಯಾಸ ಮಸುಕಾಗುತ್ತದೆ. ದುರ್ಬಲ ರೆಟಿನಾಕ್ಕೆ ಬೇಕಾದದ್ದು ಒಂದೇ ಕಡೆ ಪೂರ್ತಿ ಬೆಳಕು ಕೊಡುವ ಸಾಧಾರಣ ಮೊನೋಫೋಕಲ್ ಲೆನ್ಸು. ಹತ್ತಿರದ್ದು ಓದಲು ಕನ್ನಡಕ ಹಾಕಿಕೊಂಡರಾಯಿತು. ಈ ವಿಷಯದಲ್ಲಿ ಕಡಿಮೆ ಬೆಲೆಯದ್ದೇ ಸರಿಯಾದದ್ದು. ಉಳಿದ ಹಣವನ್ನು ಓ.ಸಿ.ಟಿ. ಸ್ಕ್ಯಾನಿಗೆ, ಮುಂದಿನ ತಪಾಸಣೆಯ ಓಡಾಟಕ್ಕೆ ಇಟ್ಟುಕೊಳ್ಳಿ.

ಬಿಡುಗಡೆ ಆಗುವಾಗ ಲೆನ್ಸಿನ ಪವರ್, ಜಾತಿ ಬರೆದಿರುವ ಸಣ್ಣ ಕಾರ್ಡು ಅಥವಾ ಸ್ಟಿಕ್ಕರ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ. ಹತ್ತು ವರ್ಷದ ಮೇಲೆ ಲೆನ್ಸ್ ಜಾರಿದರೆ ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ. ರೇಷನ್ ಕಾರ್ಡಿನ ಕವರಿನಲ್ಲೇ ಇಡಿ, ಅಲ್ಲಿಟ್ಟದ್ದು ಕಳೆಯುವುದಿಲ್ಲ.

ಮನೆಯ ಉಳಿದವರು

ಒಬ್ಬರಿಗೆ ಆರ್.ಪಿ. ಎಂದು ತಿಳಿದರೆ ಅಕ್ಕ, ತಂಗಿ, ಅಣ್ಣ, ತಮ್ಮ, ಮಕ್ಕಳು ಎಲ್ಲರೂ ಒಮ್ಮೆ ಡ್ರಾಪ್ಸ್ ಹಾಕಿಸಿ ರೆಟಿನಾ ಪರೀಕ್ಷೆ ಮಾಡಿಸಬೇಕು. ಕಾಯಿಲೆ ಬರುವ ದಾರಿ ಎಲ್ಲಾ ಮನೆಯಲ್ಲೂ ಒಂದೇ ಅಲ್ಲ. ನಮ್ಮ ಕಡೆ ಹೆಚ್ಚು ನೋಡುವ ಬಗೆಯಲ್ಲಿ ತಂದೆ ತಾಯಿ ಇಬ್ಬರ ಕಣ್ಣೂ ಚೆನ್ನಾಗಿಯೇ ಇರುತ್ತದೆ, ಆದರೆ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಅಡಗಿರುತ್ತದೆ. ಅಂಥವರ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅಕ್ಕನ ಮಗಳು, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಹೆಚ್ಚು. ಇನ್ನೊಂದು ಬಗೆಯಲ್ಲಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಆಗ ಸೊಸೆಯ ಮೇಲೆ ದೂರು: "ನಿನ್ನ ತವರಿನಿಂದ ತಂದೆ." ಯಾರೂ ಬೇಕೆಂದು ತರುವುದಿಲ್ಲ, ತನ್ನಲ್ಲಿ ಇದೆ ಎಂದು ಅವಳಿಗೇ ಗೊತ್ತಿರುವುದಿಲ್ಲ.

ಜೀನ್ ಚಿಕಿತ್ಸೆಯ ಸುದ್ದಿಯನ್ನು ಕೆಲವರು ಓದಿರಬಹುದು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆ ಚಿಕಿತ್ಸೆ ಒಂದೇ ಒಂದು ಜೀನಿನ ದೋಷಕ್ಕೆ ಮಾತ್ರ. ಬೆಲೆಯೂ ಕೋಟಿಗಳಲ್ಲಿ. ಇರುಳುಗುರುಡು ಪೂರ್ತಿ ವಾಸಿ ಎಂದು ಗೋಡೆಗೆ ಅಂಟಿಸಿದ ಚೀಟಿ ನೋಡಿ ಹಣ ಕಟ್ಟಬೇಡಿ.

ಪ್ರಮಾಣಪತ್ರದ ವಿಷಯ

"ಅಕ್ಷರ ಓದುತ್ತೀಯಲ್ಲಾ, ನಿನಗೆ ಯಾಕೆ ಅಂಗವಿಕಲರ ಸರ್ಟಿಫಿಕೇಟು" ಎಂದು ಹೇಳಿ ಕಳಿಸಿದ ಉದಾಹರಣೆಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಓದುವ ಶಕ್ತಿಯ ಜೊತೆಗೆ ನೋಟದ ಅಗಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನೋಟದ ಅಗಲ 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ. ಆದ್ದರಿಂದ "ಫೀಲ್ಡ್ ಟೆಸ್ಟ್ ಮಾಡಿ" ಎಂದು ಕೇಳುವುದು ನಿಮ್ಮ ಹಕ್ಕು. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಲೆನ್ಸ್ ಹಾಕಿಸಿದ್ದರಿಂದ ಈ ಹಕ್ಕು ಹೋಗುವುದಿಲ್ಲ.

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದ ಮನೆಗಳಲ್ಲಿ ಚಿಕ್ಕಂದಿನಿಂದ ರಾತ್ರಿ ಕಣ್ಣು ಕಾಣದವರು ಯಾರಿದ್ದಾರೆ? ಅವರಲ್ಲಿ ಪೊರೆ ತೆಗೆಸಿಕೊಂಡವರು ಎಷ್ಟು ಜನ, ಅವರು ಕೊನೆಯ ಸಲ ಡಾಕ್ಟರನ್ನು ನೋಡಿದ್ದು ಯಾವಾಗ?

ಅವರ ಲೆನ್ಸಿನ ಕಾರ್ಡು ಎಲ್ಲಿದೆ? ಮುಂದಿನ ಸಭೆಗೆ ತಂದು, ಅದರಲ್ಲಿರುವುದನ್ನು ಸಂಘದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ.

ಕಣ್ಣು ಮಬ್ಬಾಗಿ ಕಂತು ಕಟ್ಟಲಾಗದ ಸದಸ್ಯೆಗೆ ನೋಟಿಸ್ ಕೊಡುವ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಅವರೊಬ್ಬರೇ ಬಸ್ ಹತ್ತಲಾರರು. ಇಬ್ಬರ ಹೆಸರನ್ನು ಈಗಲೇ ಬರೆದುಕೊಳ್ಳಿ.